ಕೆಲಸದ ಅರ್ಜಿಯ ಜೊತೆಗೊಂದು ಪತ್ರ

(ಒಕ್ಕೂಟದ ವತಿಯಿಂದ ಸದಸ್ಯರ ಮಕ್ಕಳಿಗಾಗಿ ಏರ್ಪಡಿಸಿದ್ದ ಒಂದು ದಿನದ ಉದ್ಯೋಗ ಮಾಹಿತಿ ಶಿಬಿರದಲ್ಲಿ, ಆಡಳಿತ ವಿಭಾಗದಿಂದ ನಿವೃತ್ತರಾದ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ. ಶಿಬಿರಕ್ಕೆ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ. – ಸಂ.)



ಈ ವೇದಿಕೆಯಲ್ಲಿ ನೀವು ಸಾಮಾನ್ಯವಾಗಿ ಕೇಳುವ ಮಾತು ಬೇರೆ. ಹಸಿರು ಮೇವು, ಖನಿಜ ಮಿಶ್ರಣ, ಕೆಚ್ಚಲು ಬಾವು, ಕರುಗಳ ಪಾಲನೆ, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ತಿಳಿದ ಪಶುವೈದ್ಯರು ನಿಮಗೆ ಹೇಳುತ್ತಾ ಬಂದಿದ್ದಾರೆ. ನನಗೆ ಕೊಟ್ಟಿರುವ ವಿಷಯ ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ಜೊತೆಗಿಡುವ ಪತ್ರ. ನಮ್ಮ ಕಚೇರಿಗಳಲ್ಲಿ ಇದನ್ನು ಕವರಿಂಗ್ ಲೆಟರ್ ಎನ್ನುತ್ತಾರೆ. ಡೈರಿಯವರಿಗೂ ಇದಕ್ಕೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಕೇಳಿದ್ದು ನನಗೆ ಕೇಳಿಸಿತು. ಸಂಬಂಧ ಇದೆ. ಇಲ್ಲಿ ಕುಳಿತಿರುವ ಬಹುಪಾಲು ತಂದೆತಾಯಿಗಳು ಹಾಲಿನ ಬಟವಾಡೆ ಹಣದಲ್ಲೇ ಮಕ್ಕಳ ಕಾಲೇಜು ಶುಲ್ಕ ಕಟ್ಟಿದ್ದೀರಿ. ಎರಡು ಹಸುಗಳ ಹಾಲಿನಲ್ಲಿ ಒಬ್ಬ ಮಗಳ ಬಿ.ಕಾಂ., ಒಬ್ಬ ಮಗನ ಡಿಪ್ಲೊಮಾ ಆಗಿದೆ. ಅಷ್ಟು ದೂರ ಬಂದ ಮೇಲೆ ಒಂದು ಹಾಳೆ ಸರಿಯಾಗಿ ಬರೆಯದೆ ಅರ್ಜಿ ಕಟ್ಟಿನೊಳಗೆ ಉಳಿದುಹೋಗುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಎಲ್ಲ ಕೆಲಸಕ್ಕೂ ಈ ಪತ್ರ ಬೇಕಾಗುವುದಿಲ್ಲ. ಸರ್ಕಾರಿ ಹುದ್ದೆಗಳಿಗೆ, ಹಾಲು ಮಹಾಮಂಡಳಿ ಮತ್ತು ಜಿಲ್ಲಾ ಒಕ್ಕೂಟಗಳ ಹುದ್ದೆಗಳಿಗೆ ಅಧಿಸೂಚನೆ ಹೊರಡುತ್ತದೆ. ಆನ್‌ಲೈನ್ ಅರ್ಜಿ, ಶುಲ್ಕ, ಲಿಖಿತ ಪರೀಕ್ಷೆ, ಮೀಸಲಾತಿ ಪಟ್ಟಿ, ಎಲ್ಲಕ್ಕೂ ನಿಯಮವಿದೆ. ಅಲ್ಲಿ ನಿಮ್ಮ ಪತ್ರವನ್ನು ಓದುವವರು ಯಾರೂ ಇಲ್ಲ. ಅಧ್ಯಕ್ಷರಿಗೆ, ನಿರ್ದೇಶಕರಿಗೆ ಪತ್ರ ಕೊಟ್ಟರೆ ಕೆಲಸವಾಗುತ್ತದೆ ಎಂದು ಯಾರಾದರೂ ಹೇಳಿದರೆ, ಅದರ ಜೊತೆ ಲಕೋಟೆಯೊಳಗೆ ಬೇರೇನನ್ನೋ ಇಡಬೇಕು ಎಂದು ಪಿಸುಗುಟ್ಟಿದರೆ, ಅಂಥವರನ್ನು ಮನೆಯ ಜಗುಲಿಯ ಮೇಲೂ ಕೂರಿಸಬೇಡಿ. ಫೋನಿನಲ್ಲಿ ಹರಿದಾಡುವ ‘ಡೈರಿಯಲ್ಲಿ ಕೆಲಸ ಖಾಲಿ ಇದೆ, ಇಷ್ಟು ಹಣ ಕಟ್ಟಿ’ ಎಂಬ ಸಂದೇಶಗಳನ್ನೂ ನಂಬಬೇಡಿ. ಅಧಿಸೂಚನೆ ನಿಜವೇ ಎಂದು ಒಕ್ಕೂಟದ ಕಚೇರಿಯಲ್ಲಿ ವಿಚಾರಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಪತ್ರ ಎಲ್ಲಿ ಬೇಕು? ಖಾಸಗಿ ಕೆಲಸಗಳಲ್ಲಿ. ಪಶು ಆಹಾರ ಕಾರ್ಖಾನೆ, ಐಸ್‌ಕ್ರೀಂ ಘಟಕ, ಬೀಜ ಮತ್ತು ಔಷಧಿ ಕಂಪನಿಗಳು, ಖಾಸಗಿ ಶಾಲೆ, ನರ್ಸಿಂಗ್ ಹೋಂ, ಲೆಕ್ಕಪರಿಶೋಧಕರ ಕಚೇರಿ, ಹಾಲಿನ ಉತ್ಪನ್ನಗಳ ಸಗಟು ವಿತರಕರು, ಸ್ವಯಂಸೇವಾ ಸಂಸ್ಥೆಗಳು. ನಮ್ಮ ಹಳ್ಳಿ ಸಂಘಗಳಲ್ಲೇ ಹಾಲು ಪರೀಕ್ಷಕರ, ಸಹಾಯಕರ ಕೆಲಸ ಖಾಲಿಯಾದಾಗ ಆಡಳಿತ ಮಂಡಳಿಯ ಮುಂದೆ ಬರುವುದೂ ಬಿಳಿ ಹಾಳೆಯ ಮೇಲಿನ ಅರ್ಜಿಯೇ. ಇಂಥ ಕಡೆಗಳಲ್ಲಿ ಒಬ್ಬ ಮನುಷ್ಯ ಕುಳಿತು ನಿಮ್ಮ ಪತ್ರವನ್ನು ಓದುತ್ತಾನೆ. ಅವನು ಹೇಗೆ ಓದುತ್ತಾನೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ನಾನು ಬಹಳ ವರ್ಷ ಆ ಕುರ್ಚಿಯಲ್ಲಿ ಕುಳಿತವನು. ಅರ್ಜಿಗಳ ಕಟ್ಟು ಮೇಜಿನ ಮೇಲೆ ಬರುವುದು ಮಧ್ಯಾಹ್ನ, ಬೇರೆ ಕೆಲಸಗಳ ನಡುವೆ. ಸಂಜೆಯೊಳಗೆ ಆ ಕಟ್ಟಿನಿಂದ ಹತ್ತೋ ಹನ್ನೆರಡೋ ಹೆಸರು ತೆಗೆದು ಮೇಲಿನವರಿಗೆ ಕೊಡಬೇಕು. ಬೆಳಿಗ್ಗೆ ಆರು ಗಂಟೆಗೆ ಸಂಘದ ಮುಂದೆ ಸಾಲು ನಿಂತಿರುವಾಗ ಹಾಲು ಪರೀಕ್ಷಕ ಏನು ಮಾಡುತ್ತಾನೆ? ಹಸುವಿನ ವಂಶಾವಳಿ ಕೇಳುವುದಿಲ್ಲ. ಮಾದರಿ ತೆಗೆದು ಡಿಗ್ರಿ ನೋಡುತ್ತಾನೆ, ಜಿಡ್ಡು ನೋಡುತ್ತಾನೆ, ಮುಂದಿನವರು ಬನ್ನಿ ಎನ್ನುತ್ತಾನೆ. ಅರ್ಜಿ ಓದುವವನೂ ಹಾಗೆಯೇ. ಪತ್ರ ಕೈಗೆತ್ತಿಕೊಂಡಾಗ ಅವನಿಗೆ ಬೇಕಾಗಿರುವುದು ಮೂರೇ ಸಂಗತಿ: ಇವರು ಯಾವ ಹುದ್ದೆಗೆ ಬರೆದಿದ್ದಾರೆ, ಆ ಹುದ್ದೆಯ ಕೆಲಸವನ್ನು ಇವರು ಮಾಡಬಲ್ಲರು ಎನ್ನುವುದಕ್ಕೆ ಏನು ಆಧಾರ, ಕರೆದರೆ ಬರುತ್ತಾರೆಯೇ. ಇದು ಮೊದಲ ಹತ್ತು ಸಾಲಿನಲ್ಲಿ ಸಿಗದಿದ್ದರೆ ಅವನು ಹನ್ನೊಂದನೆಯ ಸಾಲು ಓದುವುದಿಲ್ಲ. ಅದು ಅಹಂಕಾರವೆಂದು ತಿಳಿಯಬೇಡಿ. ಇನ್ನೂ ನೂರು ಪತ್ರ ಓದುವುದು ಬಾಕಿ ಇರುತ್ತದೆ.

ನಮ್ಮ ಕಡೆಯ ಮಕ್ಕಳ ಪತ್ರಗಳು ಹೇಗಿರುತ್ತವೆ ಎಂದು ಒಂದು ಮಾದರಿ ಹೇಳುತ್ತೇನೆ. ಇದು ಯಾರೋ ಒಬ್ಬರ ಪತ್ರವಲ್ಲ, ಹಲವು ಪತ್ರಗಳನ್ನು ಸೇರಿಸಿ ಮಾಡಿಕೊಂಡದ್ದು.

‘ಪೂಜ್ಯರಲ್ಲಿ ಕೆಳಗೆ ಸಹಿ ಮಾಡಿರುವ ನಾನು ಬೇಡಿಕೊಳ್ಳುವುದೇನೆಂದರೆ, ನಾನು ಬಡ ರೈತ ಕುಟುಂಬದಿಂದ ಬಂದವಳಾಗಿದ್ದು, ನಮ್ಮ ತಂದೆಯವರಿಗೆ ವಯಸ್ಸಾಗಿದ್ದು, ಮನೆಯಲ್ಲಿ ಬೇರೆ ದುಡಿಯುವವರು ಇಲ್ಲದ ಕಾರಣ ತಾವು ದಯಮಾಡಿ ತಮ್ಮ ಸಂಸ್ಥೆಯಲ್ಲಿ ಯಾವುದಾದರೂ ಒಂದು ಕೆಲಸ ಕೊಟ್ಟು ಉದ್ಧಾರ ಮಾಡಬೇಕಾಗಿಯೂ, ತಮ್ಮ ಉಪಕಾರವನ್ನು ಜೀವಮಾನವಿಡೀ ಮರೆಯುವುದಿಲ್ಲವೆಂದೂ ಪ್ರಾರ್ಥಿಸುತ್ತೇನೆ.’

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲದಿರಬಹುದು. ಓದುವವನ ಮನಸ್ಸು ಕರಗಲೂಬಹುದು. ನನ್ನ ಮನಸ್ಸು ಎಷ್ಟೋ ಸಲ ಕರಗಿದೆ. ಆದರೆ ಕರಗಿದ ಮೇಲೆ ನಾನು ಏನು ಮಾಡಬೇಕು? ಈ ಹುಡುಗಿಗೆ ಲೆಕ್ಕ ಬರುತ್ತದೆಯೋ, ಕಂಪ್ಯೂಟರ್ ಬರುತ್ತದೆಯೋ, ಯಾವ ಹುದ್ದೆಗೆ ಅರ್ಜಿ ಹಾಕಿದ್ದಾಳೋ ಏನೂ ಗೊತ್ತಿಲ್ಲ. ‘ಯಾವುದಾದರೂ ಒಂದು ಕೆಲಸ’ ಎಂಬ ಕೆಲಸ ಯಾವ ಸಂಸ್ಥೆಯಲ್ಲಿಯೂ ಖಾಲಿ ಇರುವುದಿಲ್ಲ. ಅದೇ ಕಟ್ಟಿನಲ್ಲಿ ಇಂಥ ಪತ್ರಗಳು ಇನ್ನೂ ಮೂವತ್ತು ಇರುತ್ತವೆ. ಬಡತನವನ್ನು ಅಳೆದು ಯಾರು ಹೆಚ್ಚು ಬಡವರು ಎಂದು ಕೆಲಸ ಕೊಡಲು ಆಗುವುದಿಲ್ಲ.

ಈ ಧಾಟಿ ನಮಗೆ ಎಲ್ಲಿಂದ ಬಂತು ಎಂಬುದೂ ಗೊತ್ತಿರುವ ಸಂಗತಿಯೇ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಅರ್ಜಿ ಎಂದರೆ ಬಿನ್ನಹ. ಬೇಡುವವನು ಕೆಳಗೆ, ಕೊಡುವವನು ಮೇಲೆ. ಆ ಇಂಗ್ಲಿಷ್ ಒಕ್ಕಣೆಯೇ ಕನ್ನಡಕ್ಕೂ ಇಳಿದು, ಶಾಲೆಯ ರಜಾ ಅರ್ಜಿಯಿಂದ ಹಿಡಿದು ಎಲ್ಲ ಕಡೆ ಉಳಿದುಕೊಂಡಿತು. ಅಪ್ಪಂದಿರು ಮಕ್ಕಳಿಗೆ ‘ಕಷ್ಟ ಇದೆ ಅಂತ ಬರಿ ಮಗಾ, ಕನಿಕರ ಬರ್ತದೆ’ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಸಹಕಾರ ಸಂಘದ ಸದಸ್ಯರು ನೀವು. ಹಾಲು ಹಾಕಿ ದರ ಕೇಳುವವರು. ಸಂಘದ ಮುಂದೆ ನಿಂತು ‘ನಾನು ಬಡವ, ಜಿಡ್ಡು ಜಾಸ್ತಿ ಬರೆದುಕೊಳ್ಳಿ’ ಎಂದು ಯಾರೂ ಹೇಳುವುದಿಲ್ಲ. ಹಾಲಿನಲ್ಲಿ ಇರುವ ಜಿಡ್ಡಿಗೆ ಸಲ್ಲಬೇಕಾದ ಹಣ ಕೊಡಿ ಎನ್ನುತ್ತೀರಿ. ಮಗಳ ಪತ್ರವೂ ಅದೇ ಧ್ವನಿಯಲ್ಲಿ ಇರಲಿ.

ಕಷ್ಟವನ್ನು ಹೇಳಲೇಬಾರದೆಂದು ನನ್ನ ಮಾತಿನ ಅರ್ಥವಲ್ಲ. ಕಷ್ಟದೊಳಗೆ ಒಂದು ಅರ್ಹತೆ ಅಡಗಿದ್ದರೆ ಆ ಅರ್ಹತೆಯನ್ನು ಹೇಳಿ. ‘ನಮಗೆ ಬಹಳ ಕಷ್ಟ’ ಎಂದರೆ ಓದುವವನಿಗೆ ಏನೂ ಕಾಣುವುದಿಲ್ಲ. ‘ಮೂರು ವರ್ಷ ಬೆಳಿಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ, 14 ಕಿ.ಮೀ. ಬಸ್ಸಿನಲ್ಲಿ ಹೋಗಿ ಪದವಿ ಮುಗಿಸಿದ್ದೇನೆ’ ಎಂದರೆ, ಇವಳು ಹೊತ್ತಿಗೆ ಸರಿಯಾಗಿ ಏಳುವವಳು, ಎರಡು ಕೆಲಸ ಒಟ್ಟಿಗೆ ತೂಗಿಸಬಲ್ಲವಳು ಎಂದು ಅವನಿಗೆ ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಒಬ್ಬ ದೊಡ್ಡ ಮನುಷ್ಯರ ಅರ್ಜಿಯನ್ನು ನೆನಪು ಮಾಡಿಕೊಳ್ಳಬೇಕು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರು ಮಕ್ಕಳೆಲ್ಲ ಕೇಳಿದ್ದೀರಿ. 1912ರ ಫೆಬ್ರವರಿಯಲ್ಲಿ ಅವರಿಗೆ 24 ವರ್ಷ. ಮದುವೆಯಾಗಿತ್ತು, ಕೆಲಸವಿರಲಿಲ್ಲ. ಗಣಿತ ಬಿಟ್ಟು ಬೇರೆ ವಿಷಯಗಳನ್ನು ಓದದೆ ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿದ್ದರು. ಆಗ ಅವರು ಮದರಾಸು ಬಂದರು ಮಂಡಳಿಯ ಕಚೇರಿಗೆ ಗುಮಾಸ್ತೆ ಹುದ್ದೆಗಾಗಿ ಅರ್ಜಿ ಬರೆದರು. ಆ ಪತ್ರ ಇಂದಿಗೂ ಉಳಿದಿದೆ. ಬಹಳ ಚಿಕ್ಕ ಪತ್ರ. ಅದರ ಸಾರಾಂಶ ಇಷ್ಟು: ತಮ್ಮ ಕಚೇರಿಯಲ್ಲಿ ಗುಮಾಸ್ತೆ ಹುದ್ದೆ ಖಾಲಿ ಇದೆಯೆಂದು ತಿಳಿಯಿತು, ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೆಟ್ರಿಕ್ಯುಲೇಶನ್ ಪಾಸಾಗಿದೆ, ಎಫ್.ಎ. ವರೆಗೆ ಓದಿದ್ದೇನೆ, ಅನನುಕೂಲ ಪರಿಸ್ಥಿತಿಗಳಿಂದ ಮುಂದೆ ಓದಲಾಗಲಿಲ್ಲ. ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ. ನೇಮಿಸಿದರೆ ಕೆಲಸಕ್ಕೆ ನ್ಯಾಯ ಒದಗಿಸುತ್ತೇನೆಂಬ ವಿಶ್ವಾಸ ನನಗಿದೆ.

ಗಮನಿಸಿ. ಯಾವ ಹುದ್ದೆ ಎಂಬುದು ಮೊದಲ ಸಾಲಿನಲ್ಲೇ ಇದೆ. ಓದು ನಿಂತದ್ದನ್ನು ಮುಚ್ಚಿಟ್ಟಿಲ್ಲ, ಅದಕ್ಕಾಗಿ ಕಣ್ಣೀರೂ ಹಾಕಿಲ್ಲ. ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಹಾಗಾದರೆ ಈ ಹುಡುಗ ಇಷ್ಟು ದಿನ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಓದುವವನಿಗೆ ಬರುವ ಮೊದಲೇ ಉತ್ತರವಿದೆ. ಆ ಕಾಲದ ರೂಢಿಯಂತೆ ‘ಬೇಡಿಕೊಳ್ಳುತ್ತೇನೆ’ ಎಂಬ ಮಾತು ಅದರಲ್ಲೂ ಇದೆ, ಆದರೆ ಬಡತನದ ಕಥೆ ಇಲ್ಲ. ನಿಜ ಹೇಳಬೇಕೆಂದರೆ ಅವರು ಎಷ್ಟೋ ದಿನ ಹೊಟ್ಟೆಗೂ ಕಷ್ಟಪಟ್ಟಿದ್ದವರು. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರ ಇಟ್ಟಿದ್ದರು. ಅವರ ಪರವಾಗಿ ಮಾತನಾಡುವ ಹಿತೈಷಿಗಳೂ ಇದ್ದರು, ಅದನ್ನೂ ಹೇಳಬೇಕು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ಸಿಕ್ಕಿತು.

ಮರು ವರ್ಷ, 1913ರ ಜನವರಿ 16ರಂದು, ಅದೇ ಗುಮಾಸ್ತರು ಇಂಗ್ಲೆಂಡಿನ ಕೇಂಬ್ರಿಜ್‌ನ ಹಾರ್ಡಿ ಎಂಬ ಗಣಿತಜ್ಞರಿಗೆ ಪತ್ರ ಬರೆದರು. ಅಲ್ಲಿಯೂ ಮೊದಲ ಮಾತು ತಾನು ಯಾರು ಎಂಬುದು: ಮದರಾಸು ಬಂದರು ಮಂಡಳಿಯ ಲೆಕ್ಕ ವಿಭಾಗದಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತ. ವಿಶ್ವವಿದ್ಯಾಲಯದ ಶಿಕ್ಷಣ ಇಲ್ಲವೆಂದೂ ಹೇಳಿದರು. ಆಮೇಲೆ ನನ್ನನ್ನು ನಂಬಿ ಎನ್ನಲಿಲ್ಲ, ತಾವು ಕಂಡುಹಿಡಿದ ಸೂತ್ರಗಳನ್ನೇ ಪುಟಗಟ್ಟಲೆ ಬರೆದು ಜೊತೆಗಿಟ್ಟರು. ಅದಕ್ಕೂ ಮೊದಲು ಅಲ್ಲಿನ ಬೇರೆ ಇಬ್ಬರು ದೊಡ್ಡ ಗಣಿತಜ್ಞರಿಗೆ ಬರೆದಾಗ ಏನೂ ಪ್ರಯೋಜನವಾಗಿರಲಿಲ್ಲ. ಮೂರನೆಯವರು ಓದಿದರು. 1914ರಲ್ಲಿ ರಾಮಾನುಜನ್ ಹಡಗು ಹತ್ತಿದರು. ಎರಡು ಪತ್ರಕ್ಕೆ ಉತ್ತರ ಬರದಿದ್ದರೆ ಮೂರನೆಯದನ್ನು ಬರೆಯುವುದು ಹೇಗೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಹೆಚ್ಚಿಗೆ ನಾನು ಏನೂ ಹೇಳಬೇಕಾಗಿಲ್ಲ.

ಈಗ ನಮ್ಮ ಊರಿಗೆ ಬರೋಣ. ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿ ಎಂದು ಇಟ್ಟುಕೊಳ್ಳಿ. ತಾಲ್ಲೂಕಿನ ಪಕ್ಕದ ಪಶು ಆಹಾರ ಕಾರ್ಖಾನೆಯೊಂದರಲ್ಲಿ ಲೆಕ್ಕ ಸಹಾಯಕರ ಹುದ್ದೆ ಖಾಲಿ ಇದೆ. ಅವಳನ್ನು ‘ನಿನಗೆ ಏನು ಅನುಭವವಿದೆ’ ಎಂದು ಕೇಳಿದರೆ ‘ಏನೂ ಇಲ್ಲ ಸಾರ್, ಮನೇಲೇ ಇದ್ದೀನಿ’ ಎನ್ನುತ್ತಾಳೆ. ಇನ್ನೂ ಸ್ವಲ್ಪ ಕೇಳಿದರೆ, ‘ಬೆಳಿಗ್ಗೆ ಹೊತ್ತು ಡೈರೀಲಿ ಸೆಕ್ರೆಟರಿ ಅಣ್ಣನಿಗೆ ಸ್ವಲ್ಪ ಸಹಾಯ ಮಾಡ್ತೀನಿ, ಅಷ್ಟೇ’ ಎನ್ನುತ್ತಾಳೆ. ಆ ‘ಅಷ್ಟೇ’ ಎಂಬುದರಲ್ಲಿ ಏನೇನಿದೆ ನೋಡಿ. ಸದಸ್ಯರ ಹಾಲಿನ ಅಳತೆ ಮತ್ತು ಜಿಡ್ಡು ಕಂಪ್ಯೂಟರಿಗೆ ಏರಿಸುತ್ತಾಳೆ. ಬಟವಾಡೆ ಪಟ್ಟಿ ತಾಳೆ ನೋಡುತ್ತಾಳೆ. ಪಶು ಆಹಾರದ ಚೀಲ ಎಷ್ಟು ಬಂತು, ಯಾರಿಗೆ ಎಷ್ಟು ಸಾಲ ಹೋಯಿತು, ಯಾರ ಬಟವಾಡೆಯಲ್ಲಿ ಎಷ್ಟು ಹಿಡಿಯಬೇಕು ಎಂಬ ವಹಿ ಬರೆಯುತ್ತಾಳೆ. ಒಂದು ರೂಪಾಯಿ ತಪ್ಪಿದರೂ ಮಾರನೆಯ ಬೆಳಿಗ್ಗೆ ಜಗಳ ಬಾಗಿಲಿಗೆ ಬರುವಂಥ ಲೆಕ್ಕ ಅದು. ಪಟ್ಟಣದ ಎಷ್ಟೋ ಬಿ.ಕಾಂ. ಪದವೀಧರರು ಇನ್ನೊಬ್ಬರ ಹಣದ ಲೆಕ್ಕವನ್ನು ಒಂದು ದಿನವೂ ಬರೆದಿರುವುದಿಲ್ಲ.

ಅವಳು ಹೀಗೆ ಬರೆಯಬಹುದು:

‘ಮಾನ್ಯರೇ, ತಮ್ಮ ಕಾರ್ಖಾನೆಯಲ್ಲಿ ಲೆಕ್ಕ ಸಹಾಯಕರ ಹುದ್ದೆ ಖಾಲಿ ಇರುವುದನ್ನು ಈ ತಿಂಗಳ 4ರ ಪತ್ರಿಕೆಯ ಜಾಹೀರಾತಿನಲ್ಲಿ ನೋಡಿ ಈ ಅರ್ಜಿ ಕಳುಹಿಸುತ್ತಿದ್ದೇನೆ.

ನಾನು ಬಿ.ಕಾಂ. ಪದವೀಧರೆ. ಎರಡು ವರ್ಷಗಳಿಂದ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಗಿನ ಹೊತ್ತು ಕಾರ್ಯದರ್ಶಿಯವರಿಗೆ ನೆರವಾಗುತ್ತಿದ್ದೇನೆ. 140 ಸದಸ್ಯರ ಹಾಲಿನ ಲೆಕ್ಕ ಕಂಪ್ಯೂಟರಿಗೆ ಏರಿಸುವುದು, ಬಟವಾಡೆ ಪಟ್ಟಿ ತಾಳೆ ನೋಡುವುದು, ಪಶು ಆಹಾರದ ದಾಸ್ತಾನು ಮತ್ತು ಸಾಲದ ವಹಿ ಬರೆಯುವುದು ನನ್ನ ಪಾಲಿನ ಕೆಲಸ. ಈ ಬಗ್ಗೆ ಸಂಘದ ಪತ್ರ ಲಗತ್ತಿಸಿದ್ದೇನೆ.

ಟ್ಯಾಲಿ ತರಬೇತಿ ಮೂರು ತಿಂಗಳು ಆಗಿದೆ. ಜಿ.ಎಸ್.ಟಿ. ಲೆಕ್ಕ ಕಾಲೇಜಿನಲ್ಲಿ ಓದಿದ್ದೇನೆ, ಕೈಯಾರೆ ಮಾಡಿದ ಅನುಭವವಿಲ್ಲ. ಪಶು ಆಹಾರವನ್ನು ಕೊಳ್ಳುವವರ ಕಡೆಯಿಂದ ಬಲ್ಲೆ. ಯಾವ ತಿಂಗಳಲ್ಲಿ ಚೀಲ ಬೇಗ ಖಾಲಿಯಾಗುತ್ತದೆ, ಸಂಘಗಳು ಯಾವಾಗ ಹಣ ಕಟ್ಟುತ್ತವೆ ಎಂಬುದನ್ನು ದಿನವೂ ನೋಡಿದ್ದೇನೆ.

ಕಾರ್ಖಾನೆ ನಮ್ಮ ಊರಿನಿಂದ 22 ಕಿ.ಮೀ. ಕೆಲಸದ ವೇಳೆಗೆ ಸರಿಯಾಗಿ ಬಸ್ಸಿನ ಅನುಕೂಲವಿದೆ. ಸಂದರ್ಶನಕ್ಕೆ ತಾವು ಕರೆದ ದಿನ ಬರುತ್ತೇನೆ.’

ಕೆಳಗೆ ಸಹಿ, ಹೆಸರು, ವಿಳಾಸ, ಫೋನ್ ಸಂಖ್ಯೆ, ಲಗತ್ತುಗಳ ಪಟ್ಟಿ. ಮುಗಿಯಿತು. ಅರ್ಧ ಪುಟ.

ಈ ಪತ್ರದಲ್ಲಿ ದೊಡ್ಡ ಮಾತು ಒಂದೂ ಇಲ್ಲ. ‘ಶ್ರಮಜೀವಿ, ಪ್ರಾಮಾಣಿಕಳು, ಸಮಯಪಾಲನೆ ಉಳ್ಳವಳು’ ಎಂದು ಅವಳು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿಲ್ಲ. ಆ ಮಾತುಗಳನ್ನು ಎಲ್ಲರೂ ಬರೆಯುತ್ತಾರೆ, ಅಪ್ರಾಮಾಣಿಕರು ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತಾರೆ. 140 ಸದಸ್ಯರು ಎಂಬ ಸಂಖ್ಯೆ ಕೆಲಸ ಮಾಡುತ್ತದೆ. ಜಿ.ಎಸ್.ಟಿ. ಅನುಭವವಿಲ್ಲ ಎಂದು ಒಪ್ಪಿಕೊಂಡಿದ್ದರಿಂದ ಉಳಿದದ್ದೆಲ್ಲ ನಿಜವಿರಬೇಕು ಎಂಬ ನಂಬಿಕೆ ಹುಟ್ಟುತ್ತದೆ. ಪಶು ಆಹಾರ ಕೊಳ್ಳುವವರ ಕಡೆಯಿಂದ ಬಲ್ಲೆ ಎಂಬ ಸಾಲು ಇದೆಯಲ್ಲ, ಅದನ್ನು ಬೇರೆ ಕಾರ್ಖಾನೆಗೆ, ಬೇರೆ ಆಸ್ಪತ್ರೆಗೆ ಕಳುಹಿಸಲು ಬರುವುದಿಲ್ಲ. ಈ ಹುದ್ದೆಗೆಂದೇ ಕುಳಿತು ಬರೆದದ್ದು ಎಂದು ಓದುವವನಿಗೆ ಗೊತ್ತಾಗುವುದು ಅಲ್ಲಿಯೇ. ಬಸ್ಸಿನ ಸಾಲನ್ನು ನೋಡಿ ನೀವು ನಗಬಹುದು. ಹಳ್ಳಿಯ ಹೆಣ್ಣುಮಕ್ಕಳ ಅರ್ಜಿ ಕೈಯಲ್ಲಿ ಹಿಡಿದಾಗ ‘ದಿನಾ ಹೇಗೆ ಬರುತ್ತಾಳೆ, ನಾಲ್ಕು ದಿನ ಬಂದು ಬಿಟ್ಟುಬಿಡುತ್ತಾಳೆ’ ಎಂಬ ಅನುಮಾನ ಎಷ್ಟೋ ಕಚೇರಿಗಳಲ್ಲಿ ಬರುತ್ತದೆ. ಆ ಅನುಮಾನ ನ್ಯಾಯವಲ್ಲ. ಗಂಡುಮಕ್ಕಳ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ. ಆದರೆ ಬಾಯಿಬಿಟ್ಟು ಕೇಳದೆಯೇ ಪತ್ರವನ್ನು ಪಕ್ಕಕ್ಕಿಡುವುದಕ್ಕಿಂತ, ಮೊದಲೇ ಒಂದು ಸಾಲು ಬರೆದು ಆ ನೆಪವನ್ನು ತೆಗೆದುಬಿಡುವುದು ಮೇಲು.

ಭಾಷೆಯ ಬಗ್ಗೆ ಬಹಳ ಮಕ್ಕಳು ಕೇಳುತ್ತಾರೆ. ಜಾಹೀರಾತು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ. ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲಿ ಬರೆಯಿರಿ, ಆದರೆ ನಿಮಗೆ ಬರುವ ಇಂಗ್ಲಿಷಿನಲ್ಲಿ. ಪುಸ್ತಕದಿಂದ ಎತ್ತಿದ ಉದ್ದನೆಯ ವಾಕ್ಯ ಹಾಕಿದರೆ ಸಂದರ್ಶನದಲ್ಲಿ ಎರಡು ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಈಚೆಗೆ ಫೋನಿನಲ್ಲೇ ಕೇಳಿದರೆ ಪತ್ರ ಬರೆದುಕೊಡುವ ಯಂತ್ರಗಳು ಬಂದಿವೆ. ಉಪಯೋಗಿಸಬೇಡಿ ಎಂದು ನಾನು ಹೇಳಿದರೆ ನೀವು ಕೇಳುವುದೂ ಇಲ್ಲ. ಕಾಗುಣಿತ ತಿದ್ದಿಸಿಕೊಳ್ಳಿ, ಇಂಗ್ಲಿಷ್ ವ್ಯಾಕರಣ ನೋಡಿಸಿಕೊಳ್ಳಿ, ತಪ್ಪಿಲ್ಲ. ಆದರೆ ‘ಒಂದು ಕವರಿಂಗ್ ಲೆಟರ್ ಬರೆದುಕೊಡು’ ಎಂದರೆ ಅದು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪತ್ರ ಕೊಡುತ್ತದೆ, ಕೆಲವು ಸಲ ನೀವು ಮಾಡದ ಕೆಲಸವನ್ನೂ ಮಾಡಿದ್ದೀರಿ ಎಂದು ಸೇರಿಸಿಬಿಡುತ್ತದೆ. ಕಟ್ಟಿನಲ್ಲಿ ಒಂದೇ ಒಕ್ಕಣೆಯ ಪತ್ರ ಹತ್ತು ಬಂದರೆ ಹನ್ನೊಂದನೆಯದಾಗಿ ಬಂದ ಸಾದಾ ಪತ್ರವೇ ಕಣ್ಣಿಗೆ ಬೀಳುತ್ತದೆ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹಿರಿಯರು ಹೇಳಿದ್ದು ಹೊಲದ ಕೆಲಸಕ್ಕೆ ಮಾತ್ರವಲ್ಲ.

ಸುಳ್ಳಿನ ಬಗ್ಗೆ ಹಾಲಿನವರಿಗೆ ನಾನು ಉದ್ದವಾಗಿ ಹೇಳಬೇಕಾಗಿಲ್ಲ. ಸೋದರಮಾವನ ಅಂಗಡಿಯಲ್ಲಿ ಮೂರು ವರ್ಷ ‘ಮ್ಯಾನೇಜರ್’ ಆಗಿದ್ದೆ ಎಂದು ಬರೆಯುವುದು ನೀರು ಬೆರೆಸಿದ ಹಾಲಿನ ಹಾಗೆ. ಲ್ಯಾಕ್ಟೋಮೀಟರ್ ಮೇಲೇಳದೆ ಹೇಗೆ ತಪ್ಪು ತೋರಿಸಿಕೊಡುತ್ತದೋ, ಸಂದರ್ಶನದ ಮೂರನೆಯ ಪ್ರಶ್ನೆಯೂ ಹಾಗೆಯೇ ತೋರಿಸುತ್ತದೆ. ಓದು ನಡುವೆ ನಿಂತಿದ್ದರೆ, ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾಗಿದ್ದರೆ, ಅಮ್ಮನ ಕಾಯಿಲೆಯಿಂದ ಎರಡು ವರ್ಷ ಮನೆಯಲ್ಲಿದ್ದರೆ ಒಂದು ಸಾಲಿನಲ್ಲಿ ಹೇಳಿ, ಆ ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದೂ ಹೇಳಿ. ಐದು ಹಸು ನೋಡಿಕೊಂಡಿದ್ದರೆ ಅದನ್ನೇ ಹೇಳಿ. ಕರಾವಿನ ಲೆಕ್ಕ, ಕೃತಕ ಗರ್ಭಧಾರಣೆಯ ದಿನಾಂಕ, ವಿಮೆ ಕಾಗದ, ಇವೆಲ್ಲ ಕೆಲಸವೇ.

ಇನ್ನು ಕೆಲವು ಸಣ್ಣ ಸಂಗತಿಗಳು, ಬೇಗ ಹೇಳಿ ಮುಗಿಸುತ್ತೇನೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಪತ್ರದಲ್ಲೂ ಹಾಗೆಯೇ ಬರೆಯಿರಿ. ನಿಮ್ಮದೇ ಫೋನ್ ಸಂಖ್ಯೆ ಕೊಡಿ. ಅಪ್ಪನ ಫೋನು ಕೊಟ್ಟಿದ್ದರೆ, ಅವರು ಹೊಲದಲ್ಲಿರುವಾಗ ಹೊಸ ಸಂಖ್ಯೆಯಿಂದ ಕರೆ ಬಂದರೂ ಎತ್ತಬೇಕೆಂದು ಅವರಿಗೆ ಹೇಳಿರಿ. ಒಳ್ಳೆಯ ಅರ್ಜಿ ಹಾಕಿದವರನ್ನು ಮೂರು ಸಲ ಕರೆದು, ಯಾರೂ ಎತ್ತದೆ, ಪಟ್ಟಿಯಲ್ಲಿ ಮುಂದಿನವರಿಗೆ ಹೋದದ್ದುಂಟು. ಮೂಲ ಅಂಕಪಟ್ಟಿಗಳನ್ನು ಎಂದಿಗೂ ಅಂಚೆಯಲ್ಲಿ ಕಳುಹಿಸಬೇಡಿ, ಜೆರಾಕ್ಸ್ ಪ್ರತಿ ಸಾಕು. ಇ-ಮೇಲ್ ಮಾಡುವುದಾದರೆ ವಿಷಯದ ಜಾಗದಲ್ಲಿ ಹುದ್ದೆಯ ಹೆಸರು ಬರೆಯಿರಿ, ಪತ್ರವನ್ನೂ ಬಯೋಡಾಟಾವನ್ನೂ ಪಿಡಿಎಫ್ ಮಾಡಿ, ಕಡತಕ್ಕೆ ನಿಮ್ಮ ಹೆಸರಿಡಿ. ಹುಡುಗಾಟದ ವಯಸ್ಸಿನಲ್ಲಿ ಸಿನಿಮಾ ನಟರ ಹೆಸರು ಸೇರಿಸಿ ಮಾಡಿಕೊಂಡ ಇ-ಮೇಲ್ ವಿಳಾಸ ಇದ್ದರೆ ಅದನ್ನು ಗೆಳೆಯರಿಗೆ ಇಟ್ಟುಕೊಂಡು ಕೆಲಸಕ್ಕೆ ಬೇರೊಂದು ಮಾಡಿಕೊಳ್ಳಿ. ಒಂದು ಕಂಪನಿಗೆ ಬರೆದ ಪತ್ರವನ್ನು ಇನ್ನೊಂದಕ್ಕೆ ಕಳುಹಿಸುವಾಗ ಹಳೆಯ ಕಂಪನಿಯ ಹೆಸರು ಎಲ್ಲಿಯೂ ಉಳಿಯದಂತೆ ನೋಡಿ. ಇದು ನಗೆಪಾಟಲಿಗೆ ಹೇಳಿದ್ದಲ್ಲ, ವಾರಕ್ಕೊಂದು ಅಂಥ ಪತ್ರ ಬರುತ್ತಿತ್ತು.

ತಂದೆತಾಯಿಗಳಿಗೆ ಒಂದು ಕೋರಿಕೆ. ಪತ್ರವನ್ನು ನೀವು ಹೇಳಿ ಬರೆಸಬೇಡಿ, ಊರಿನ ಮುಖಂಡರ ಕೈಯಲ್ಲೂ ಬರೆಸಬೇಡಿ. ಮಗಳು ಬರೆದದ್ದನ್ನು ನಿಮಗೆ ಓದಿ ಹೇಳಲಿ. ಓದು ಬಾರದ ತಾಯಿಗೂ ಕೇಳಿದ ಕೂಡಲೇ ಗೊತ್ತಾಗುತ್ತದೆ, ಇದು ನಮ್ಮ ಹುಡುಗಿಯ ಮಾತೋ ಯಾರದೋ ಮಾತೋ ಎಂದು. ‘ನೀನು ಡೈರಿ ಲೆಕ್ಕ ನೋಡ್ತೀಯಲ್ಲ, ಅದನ್ನ ಯಾಕೆ ಬರೆದಿಲ್ಲ?’ ಎಂದು ಕೇಳುವವರು ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ, ಮನೆಯಲ್ಲೇ ಸಿಗುವುದು.

ಇನ್ನು ಸಂಘದ ಕಾರ್ಯದರ್ಶಿ ಮಿತ್ರರಿಗೆ, ಆಡಳಿತ ಮಂಡಳಿಯವರಿಗೆ. ನಾನು ಇಲ್ಲಿಗೆ ಬರಲು ಒಪ್ಪಿದ್ದೇ ಈ ಮಾತು ಹೇಳುವುದಕ್ಕೆ. ನಿಮ್ಮ ಸಂಘದಲ್ಲಿ ಬೆಳಿಗ್ಗೆ ಸಂಜೆ ಸಹಾಯಕ್ಕೆ ಬರುವ ಹುಡುಗ ಹುಡುಗಿಯರು ಇದ್ದಾರೆ. ಕೆಲವರಿಗೆ ಸ್ವಲ್ಪ ಸಂಭಾವನೆ ಕೊಡುತ್ತೀರಿ, ಕೆಲವರಿಗೆ ಹಬ್ಬಕ್ಕೆ ಒಂದು ಪೊಟ್ಟಣ ಸಿಹಿ. ಅವರು ಊರು ಬಿಟ್ಟು ಕೆಲಸ ಹುಡುಕುವಾಗ ಅವರ ಕೈಯಲ್ಲಿ ಈ ದುಡಿಮೆಗೆ ಒಂದು ಚೂರು ಕಾಗದವೂ ಇರುವುದಿಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಡಿ: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸ, ಎಷ್ಟು ಸದಸ್ಯರ ಲೆಕ್ಕ. ‘ಇವರ ನಡತೆ ಉತ್ತಮವಾಗಿರುತ್ತದೆ’ ಎಂಬ ಅಚ್ಚಿನ ಮಾತು ಮಾತ್ರ ಬರೆದುಕೊಟ್ಟರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಮಾಡದ ಕೆಲಸವನ್ನು ಮಾಡಿದ್ದಾರೆಂದು ನೆಂಟಸ್ತಿಕೆಗಾಗಿ ಬರೆದುಕೊಡಬೇಡಿ. ಒಂದು ಸಲ ಹಾಗೆ ಕೊಟ್ಟರೆ ಆ ಸಂಘದ ಪತ್ರಕ್ಕೆ ಆಮೇಲೆ ಬೆಲೆ ಇರುವುದಿಲ್ಲ, ನಿಜವಾಗಿ ದುಡಿದ ಮುಂದಿನ ಹುಡುಗಿಗೂ ಅದರ ಪೆಟ್ಟು ಬೀಳುತ್ತದೆ.

ನಿಮ್ಮ ಸಂಘದಲ್ಲೇ ಪರೀಕ್ಷಕರ ಜಾಗ ಖಾಲಿಯಾದಾಗ ಬರುವ ಅರ್ಜಿಗಳನ್ನೂ ದಯವಿಟ್ಟು ಓದಿ. ಯಾರ ಮಗ, ಯಾವ ಕಡೆಯವನು ಎಂದು ಮೊದಲು ನೋಡಿ, ಪತ್ರವನ್ನು ಆಮೇಲೆ ಮಡಚಿ ಇಡುವ ರೂಢಿ ಎಲ್ಲಿದೆ ಎಂದು ನಾನು ಹೇಳುವುದಿಲ್ಲ, ಇಲ್ಲಿರುವವರಿಗೆ ಗೊತ್ತು. ಕೆಲಸ ಕೊಡಲಾಗದಿದ್ದವರಿಗೆ ಎರಡು ಸಾಲಿನ ಉತ್ತರ ಕೊಡಿ. ತಿಂಗಳುಗಟ್ಟಲೆ ಕಾಯುವ ಮನೆಯಲ್ಲಿ ‘ಆಗಲಿಲ್ಲ’ ಎಂಬ ಉತ್ತರಕ್ಕೂ ಬೆಲೆ ಇದೆ. ಅವರು ಬೇರೆ ಕಡೆ ಪ್ರಯತ್ನಿಸುತ್ತಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಊಟದ ಹೊತ್ತೂ ಆಯಿತು. ಶಿಬಿರಾರ್ಥಿಗಳು ಈಗಾಗಲೇ ಬರೆದ ಪತ್ರ ತಂದಿದ್ದರೆ ಊಟವಾದ ಮೇಲೆ ಬಲಗಡೆಯ ಕೋಣೆಗೆ ಬನ್ನಿ. ತರದವರು ಅಲ್ಲಿಯೇ ಬರೆಯಬಹುದು, ಬಿಳಿ ಹಾಳೆ ಒಕ್ಕೂಟದವರು ಇಟ್ಟಿದ್ದಾರೆ. ಒಬ್ಬೊಬ್ಬರದನ್ನೂ ಕೂತು ಓದೋಣ. ಸಂಜೆಯ ಹಾಲಿಗೆ ಊರಿಗೆ ಹಿಂತಿರುಗಬೇಕಾದವರದನ್ನು ಮೊದಲು ನೋಡುತ್ತೇನೆ.